ಎಂಜಲಾದ ಪದ

26 ಮೇ 2025, ಸೋಮವಾರ

ಟಿಕೆಟ್ ಮಷಿನ್ ಇವತ್ತೂ ಕೈಕೊಟ್ಟಿತು. ಯಲಬುರ್ಗಾ ಬಿಟ್ಟು ಎರಡು ಸ್ಟಾಪ್ ದಾಟಿರಲಿಲ್ಲ, ಬ್ಯಾಟರಿ ಖಲಾಸ್. ಬಸ್ಸಿನ ತುಂಬ ಹೆಂಗಸರು, ಎಲ್ಲರದೂ ಝೀರೋ ಟಿಕೆಟ್, ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. ಒಬ್ಬಳು ಗಂಡನ ಕಾರ್ಡು ತೋರಿಸಿದಳು. “ಫೋಟೋದಾಗ ಮೀಸಿ ಐತೆಲ್ಲಬೇ” ಅಂದೆ. “ಮನ್ಯಾಗ ಎಲ್ಲಾ ನಂದ ನಡಿತೈತ್ರಿ, ಯಾರ ಕಾರ್ಡಾದ್ರೇನು” ಅಂದಳು. ಆಗ ನಗು ಬರಲಿಲ್ಲ. ಈಗ ಬರೆಯುವಾಗ ಬರುತ್ತಿದೆ.

ಮಾರ್ಚ್‌ನಲ್ಲಿ ಹಿಡಿದ ಸಿನಿಮಾ ಹಾಡು ಕೊನೆಗೂ ಸತ್ತಿತು. ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅದೇ ಹಾಕಿದ್ದರು. ಏನೂ ಅನಿಸಲಿಲ್ಲ. ನನ್ನ ಹಣೆಬರಹವೇ ಇಷ್ಟು. ಒಂದು ಹಾಡು ಹಿಡಿಯಿತೆಂದರೆ ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ಚಿಲ್ಲರೆ ಕೊಡುವಾಗ, ಅದೇ. ಕಬ್ಬು ಅಗಿದ ಹಾಗೆ ಅಗಿದು ಅಗಿದು, ಸಿಪ್ಪೆ ಮಾಡಿ ಉಗುಳುತ್ತೇನೆ. ಆಮೇಲೆ ಬಾಯಿ ಖಾಲಿ, ತಲೆ ಖಾಲಿ, ಸಿಟ್ಟು ಮಾತ್ರ ಫುಲ್.

ಇದರ ಮೇಲೆ ಗೋಡೆಯಾಚೆ ಇವತ್ತಿಂದ ಶುರು. ಹೆಜ್ಜೆ ಮೇಳದ ತಾಲೀಮಂತೆ, ಮೊಹರಮ್ಮಿಗೆ. ಮೊಹರಮ್ ಇನ್ನೂ ತಿಂಗಳ ಮೇಲಿದೆ! ಹಲಗೆ, ಗೆಜ್ಜೆ, ಹತ್ತು ಹನ್ನೆರಡು ಗಂಡಸರ ಕಾಲು. ನಾನು ನಸುಕಿನಲ್ಲಿ ಏಳಬೇಕು, ಫಸ್ಟ್ ಟ್ರಿಪ್ ನನ್ನದು. ಜನವರಿಯಲ್ಲಿ ಈ ಮನೆ ಹಿಡಿದಾಗ ಯಾರಾದರೂ ಒಂದು ಮಾತು ಹೇಳಬೇಕೋ ಬೇಡವೋ...

28 ಮೇ, ಬುಧವಾರ

ಕಂಪ್ಲೇಂಟ್ ಮಾಡಿಬಂದೆ. ಪಕ್ಕದ ಮನೆ ಗಾದಿ ಹೊಲಿಯುವ ದಾದೇಸಾಬರದು. ಮೇಳಕ್ಕೆ ಪದ ಕಟ್ಟುವವರೂ ಅವರೇ. ಅವರು ಸಿಗಲಿಲ್ಲ, ಹೆಂಡತಿ ಕಾಸೀಮಬೀ ಸಿಕ್ಕಳು. “ಚಾಚಿ, ಒಂಚೂರು ಲಗೂ ಮುಗಸ್ರಿ, ನಿದ್ದಿ ಇಲ್ಲ” ಅಂದೆ.

“ದೇವರು ವರ್ಷಕ್ಕೊಂದ ಸಲ ಬರ್ತಾನವ್ವ. ನಿನ್ನ ಬಸ್ಸು ದಿನಾ ಬರ್ತೈತಿ” ಅಂದಳು.

ಕೈಯಲ್ಲಿ ಒಂದು ಬಟ್ಟಲು ಶೇಂಗಾ ಇಟ್ಟಳು. ಇಸಿದುಕೊಂಡು ಬಂದೆ. ಕಂಪ್ಲೇಂಟೂ ಹೋಯಿತು, ಮರ್ಯಾದೆಯೂ ಹೋಯಿತು.

31 ಮೇ, ಶನಿವಾರ

ಹಿಡಿಯಿತು.

ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತಿದ್ದೆ. ಆಚೆ ದಾದೇಸಾಬರು ಒಬ್ಬರೇ, ಗಾದಿಗೆ ಸೂಜಿ ಹಾಕುತ್ತ ಹಾಡಿಕೊಳ್ಳುತ್ತಿದ್ದರು. ಹಲಗೆ ಇಲ್ಲ, ಗೆಜ್ಜೆ ಇಲ್ಲ. ಹಗೂರಕ್ಕೆ. ಮೊಹರಮ್ಮಿನ ಕತೆಯೇ, ಹೊಳೆದಂಡೆಯ ಕಾಳಗದಲ್ಲಿ ನೀರು ಸಿಗದ ದೊರೆ, ಅವನ ಕೂಸು.

ಹೊಳಿ ತುಂಬಿ ಹರಿದರೂ ಹನಿ ನೀರು ಸಿಗಲಿಲ್ಲ
ಬಾಯಾರಿ ಬಂದ ದೊರಿಗೋ
ಬೊಗಸಿಯೊಡ್ಡಿ ಕೇಳ್ಯಾನ, ಕಂಕುಳ ಕೂಸಿಗಿ
ಗುಟುಕೊಂದು ನೀರು ಕೊಡಿರೋ

‘ದೊರಿಗೋ’ ಅನ್ನುವಲ್ಲಿ ರಾಗ ಮೇಲೆ ಹೋಗುತ್ತದೆ. ಇನ್ನೂ ಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಕೈಬಿಟ್ಟುಬಿಡುತ್ತದೆ. ತಂಬಿಗೆ ಕೈಯಲ್ಲೇ. ನೀರು ಆರಿತು, ಡ್ಯೂಟಿಗೆ ಲೇಟಾಯಿತು. ಕೊಟ್ರೇಶ ಡ್ರೈವರ್ ಸೀಟಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ, ಮದುವೆ ಮನೆಯವರನ್ನು ಕರೆದ ಹಾಗೆ.

3 ಜೂನ್, ಮಂಗಳವಾರ. ಕುಷ್ಟಗಿ ಸ್ಟ್ಯಾಂಡ್, ಊಟದ ಹೊತ್ತು

ಯೂಟ್ಯೂಬಿನಲ್ಲಿ ಹುಡುಕಿದೆ. ‘ಹೊಳಿ ತುಂಬಿ’ ಅಂತ ಹಾಕಿದರೆ ಹೊಳೆ ಬಂದ ವಿಡಿಯೋ ಬರುತ್ತವೆ. ‘ಮೊಹರಮ್ ಪದ’ ಅಂದರೆ ಸಾವಿರ ಬರುತ್ತವೆ, ಇದೊಂದು ಇಲ್ಲ. ಎಲ್ಲಿಂದ ಬಂದೀತು, ಮೊನ್ನೆ ಮೊನ್ನೆ ಹುಟ್ಟಿದ್ದು. ಜಗತ್ತಿನಲ್ಲಿರುವುದು ಆ ಗೋಡೆಯಾಚೆ ಮಾತ್ರ.

ಸಿಟ್ಟು ಬರುವುದು ಏನಕ್ಕೆಂದರೆ, ಪೂರ್ತಿ ಹಾಡುವುದಿಲ್ಲ! ಎರಡು ನುಡಿ, ಮೂರು ನುಡಿ, ‘ಗುಟುಕೊಂದು ನೀರು ಕೊಡಿರೋ’ ಅಂತ ಎತ್ತುತ್ತಾರೆ, ಹಲಗೆ ಧಡ್ ಅನ್ನುತ್ತದೆ, ನಿಂತಿತು. ಚಹಾ ಕುಡಿಯುತ್ತಾರೆ. ಮತ್ತೆ ಮೊದಲಿಂದ. ಪದ ಅಲ್ಲಿಗೆ ಮುಗಿದಿಲ್ಲ, ಇನ್ನೂ ಏನೋ ಇದೆ, ಅದು ಕೇಳುವವರಿಗೆ ಗೊತ್ತಾಗುತ್ತದೆ. ಸೀನು ಬರುವಂತಾಗಿ ಬಾರದೇ ಹೋದರೆ ಹೇಗೋ ಹಾಗೆ ಮೂರು ದಿನದಿಂದ ಓಡಾಡುತ್ತಿದ್ದೇನೆ. ಮೊದಲು ಬೇಗ ಮುಗಿಸಲಿ ಅಂತ ಜಗಳ ತೆಗೆದವಳು, ಈಗ ಗೋಡೆಗೆ ಕಿವಿ ಹಚ್ಚಿ ಕೂರುತ್ತೇನೆ. ನಾಚಿಕೆ ಇಲ್ಲ.

5 ಜೂನ್, ಗುರುವಾರ

ಕೊಟ್ರೇಶನಿಗೆ ಸಾಕಾಗಿದೆ. “ಅಕ್ಕ, ಈಗ ಸೀಟೀನೂ ರಾಗದಾಗ ಊದಾಕತ್ತಿ. ನಾ ಗಾಡಿ ಬಿಡ್ಲೋ, ಕುಣೀಲೋ?” ಅಂದ. ನನಗೆ ಗೊತ್ತೇ ಆಗಿರಲಿಲ್ಲ.

ಬಸಾಪುರ ಕ್ರಾಸಿನಲ್ಲಿ ದಿನಾ ಹತ್ತುವ ಹೆಣ್ಣಾಳುಗಳ ಗುಂಪು, ಕುಷ್ಟಗಿ ಹತ್ತಿರದ ನೆಟ್ ಹೌಸಿಗೆ, ನೆರಳು ಪರದೆ ಹೊದಿಸಿದ ತೋಟಕ್ಕೆ, ಹೋಗುವವರು. ಬೀಜದ ಕಂಪನಿಯವರಿಗೆ ಬದನೆ, ಟೊಮ್ಯಾಟೊ ಹೂವಿನ ಕ್ರಾಸಿಂಗ್ ಮಾಡುತ್ತಾರೆ. ಒಂದು ಹೂವಿನ ಪುಡಿ ಇನ್ನೊಂದಕ್ಕೆ ಮುಟ್ಟಿಸಬೇಕು, ಬೆಳಗಿಂದ ಸಂಜೆತನಕ, ಬಗ್ಗಿಕೊಂಡು. ಒಳಗೆ ಫೋನ್ ಒಯ್ಯುವ ಹಾಗಿಲ್ಲ, ಬಾಗಿಲಲ್ಲೇ ಬಕೆಟ್ಟಿನಲ್ಲಿ ಹಾಕಿಸಿಕೊಳ್ಳುತ್ತಾರಂತೆ. ಆ ಗುಂಪಿಗೆ ಪಾರಮ್ಮ ಲೀಡರ್. ಬಸ್ ಹತ್ತುವ ಮೊದಲೇ ಅವಳ ದನಿ ಹತ್ತಿರುತ್ತದೆ.

“ಏ ಕಂಡಕ್ಟರಮ್ಮ, ಏನ್ ಗುಣುಗುಣು ಅಂತಿ ದಿನಾ? ಬಾಯಿ ಬಿಟ್ಟ ಹಾಡ. ನಾವೇನು ಟಿಕೀಟ ಕೇಳ್ತೀವೇನು?”

ಹಾಡಿದೆ. ಮಷಿನ್ ಕಂಕುಳಲ್ಲಿ, ಕೈ ಕಂಬಕ್ಕೆ. ನಾಲ್ಕು ಸಾಲು ಹಾಡುವಷ್ಟರಲ್ಲಿ ಬಸ್ಸಿನ ಹಿಂದಿನ ಅರ್ಧ ಸುಮ್ಮನಾಯಿತು. ಪಾರಮ್ಮ, “ಇನ್ನೊಮ್ಮೆ” ಅಂದಳು. ಇನ್ನೊಮ್ಮೆ. ನೆಟ್ ಹೌಸ್ ಬರುವಷ್ಟರಲ್ಲಿ ಅವರ ಬಾಯಲ್ಲೂ ಬಂದಿತ್ತು. ಇಳಿಯುತ್ತ, “ಮುಂದಿಂದು?” ಅಂತ ಕೇಳಿದಳು.

ಗೊತ್ತಿದ್ದರೆ ನಾನೇ ಬದುಕುತ್ತಿದ್ದೆನಲ್ಲವ್ವ.

ಆದರೂ ಇವತ್ತು ಖುಷಿಯಾಯಿತು. ಒಬ್ಬಳೇ ಹೊತ್ತುಕೊಂಡು ತಿರುಗುವ ಭಾರ ಹತ್ತು ಮಂದಿ ಮೇಲೆ ಹಾಕಿದೆ.

8 ಜೂನ್, ಭಾನುವಾರ

ರುದ್ರೇಶ ಬಂದಿದ್ದ. ಕಾರಟಗಿಯ ಅಕ್ಕಿ ಮಿಲ್ಲಿನ ಕೆಲಸ, ಗಂಡ ಅನ್ನುವುದಕ್ಕಿಂತ ವಾರದ ಸಂತೆ ಇದ್ದ ಹಾಗೆ. ಬಂದವನು ಬೂಟು ಬಿಚ್ಚುತ್ತ ಕೇಳಿದ, “ಇದು ಎಷ್ಟ ದಿನದ್ದು?” ಹಾಡಿನ ವಿಷಯ. ಹೋದ ಹಾಡಿಗೆ ಅವನು ತನ್ನ ಫೋನ್ ಬಚ್ಚಿಟ್ಟಿದ್ದ.

“ಇದು ಫೋನ್‌ನಾಗ ಇಲ್ಲ” ಅಂದೆ. “ಸದ್ಯ, ದೇವರು ಅದಾನ” ಅಂದ. ರೊಟ್ಟಿ ಒಂದು ಕಡಿಮೆ ಹಾಕಿದೆ.

ಸಂಜೆ ತಡೆಯಲಾರದೆ ಗೋಡೆ ಮೇಲಿಂದ ದಾದೇಸಾಬರನ್ನೇ ಕೇಳಿದೆ. ಅರಳೆಯ ನಡುವೆ ಕೂತಿದ್ದರು, ಗಡ್ಡ ಯಾವುದು ಅರಳೆ ಯಾವುದು ತಿಳಿಯದ ಹಾಗೆ. “ಕಾಕಾ, ಆ ಪದದ ಕಡೀ ನುಡಿ ಯಾವಾಗ ಹಾಡ್ತೀರಿ?”

ಮುದುಕನ ಮುಖ ಅರಳಿತು. “ಕೇಳೀಯೇನು? ಛಲೋ ಐತೇನು?” ಆಮೇಲೆ ಹೇಳಿದರು, “ಕಡೀ ನುಡಿ ಮೊಹರಮ್ಮಿನ ಕತ್ತಲ ರಾತ್ರಿ, ಅಲಾಯಿ ಕುಣಿ ಮುಂದ, ಬೆಂಕಿ ಹಾಕಿದಮ್ಯಾಲೆ. ಅದರಾಗ ಊರ ಹೆಸರು, ಕಟ್ಟಿದವನ ಹೆಸರು ಬರ್ತೈತಿ. ಹೆಸರ ಬಿದ್ದಮ್ಯಾಲೆ ಪದ ಊರಿಂದು. ಅಲ್ಲೀತನಕ ಮನ್ಯಾಗಿನ ಕೂಸು. ನಮ್ಮ ಹುಡುಗ್ರಿಗೂ ಹೇಳಿಲ್ಲ.”

ಜುಲೈತನಕ ಕಾಯಬೇಕಂತೆ! ನನ್ನ ಕೈಲಾಗುತ್ತದೆಯೇ. ಸಿಟ್ಟಿಗೆ ಪಾತ್ರೆಯೆಲ್ಲ ಎರಡು ಸಲ ತಿಕ್ಕಿದೆ.

19 ಜೂನ್, ಗುರುವಾರ

ಬರೆದು ಹತ್ತು ದಿನದ ಮೇಲಾಯಿತು. ಗಂಗಾವತಿ ಡಿಪೋಗೆ ಡೆಪ್ಯೂಟೇಶನ್ ಹಾಕಿದ್ದರು. ಸಾಣಾಪುರ ಕೆರೆಗೆ ಹೋಗುವ ಟೂರಿಸ್ಟುಗಳು, ಬೆನ್ನಿಗೆ ಮನೆಯಷ್ಟು ದೊಡ್ಡ ಬ್ಯಾಗು, ಐದು ನೂರರ ನೋಟು, ಕಿವಿಯಲ್ಲಿ ಬೆಂಡು ತುರುಕಿಕೊಂಡು ಅವರವರ ಹಾಡು ಅವರವರಿಗೆ. ಗಂಟಲು ಹರಿಯುವ ಹಾಗೆ ಕೂಗಿದರೂ “ಟಿಕೆಟ್” ಅನ್ನುವುದು ಕೇಳುವುದಿಲ್ಲ. ನನ್ನ ಪದ ಹಾಡಿದೆ, ಯಾರೂ ತಿರುಗಿ ನೋಡಲಿಲ್ಲ. ಬಸಾಪುರ ಕ್ರಾಸ್ ನೆನಪಾಯಿತು.

ನಾಳೆಯಿಂದ ಹಳೆ ರೂಟು.

20 ಜೂನ್, ಶುಕ್ರವಾರ. ಕುಷ್ಟಗಿ ಸ್ಟ್ಯಾಂಡ್

ಬುತ್ತಿ ಬಿಚ್ಚುವ ಮೊದಲೇ ಬರೆಯುತ್ತಿದ್ದೇನೆ.

ಕ್ರಾಸಿನಲ್ಲಿ ಪಾರಮ್ಮನ ಗುಂಪು ಹತ್ತಿತು. ಹತ್ತುವಾಗಲೇ ಹಾಡುತ್ತಿದ್ದರು. ಅದೇ ಪದ. ‘ಕೊಡಿರೋ’ ಬಂತು. ನಾನು ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ! ಮುಂದೆ ಹೋದರು —

ನೆರಳಿನ ಮನಿಯಾಗ ನೆತ್ತಿಯು ಸುಡತೈತಿ
ಹೂವಿಗಿ ನಮ್ಮ ಬೆವರೋ
ನೂರು ಹೂ ಬಸುರಾದ್ರೂ ನಮ್ಮ ಗಂಟಲ ಒಣಗಿ
ಗುಟುಕೊಂದು ನೀರು ಕೊಡಿರೋ

“ಎಲ್ಲಿ ಸಿಕ್ತಬೇ ಇದು?” ಅಂತ ಕೂಗಿದೆ. ಪಾರಮ್ಮ ನಕ್ಕಳು. “ನೀ ಅರ್ಧಾ ಕೊಟ್ಟ ಗಂಗಾವತಿಗೆ ಹೋದಿ. ನಾವೆಲ್ಲಿತನಕ ಕಾಯೋಣು? ನೆಟ್ ಹೌಸಿನ ಸೂಪರ್‌ವೈಜರ್ ನೀರಿಗಿ ಬಿಡಂಗಿಲ್ಲ, ಸಿಟ್ಟ ಬಂತು, ಕೂಡಿಸಿದಿವಿ.”

ಮೈಯೆಲ್ಲ ಮುಳ್ಳು. ಇಪ್ಪತ್ತು ದಿನದಿಂದ ತಡೆದ ಸೀನು ಇವತ್ತು ಬಂತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ. ನನಗೆ ಬರದೇ ಹೋದದ್ದು ಅವರಿಗೆ ಬಂತಲ್ಲ.

ಮನೆಗೆ ಹೋದ ಕೂಡಲೇ ಚಾಚಿಗೆ ಹಾಡಿ ತೋರಿಸಬೇಕು.

21 ಜೂನ್, ಶನಿವಾರ

ತೋರಿಸಿದೆ. ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಹೋಗಿ, ಕುಣಿಯುತ್ತ, ‘ನೂರು ಹೂ ಬಸುರಾದ್ರೂ’ ಅಂತ ಹಾಡಿ ತೋರಿಸಿದೆ. “ಚಾಚಿ, ಬಸಾಪುರದ ಹೆಣ್ಮಕ್ಕಳು ಕೂಡ್ಸ್ಯಾರ್ರಿ, ಹೆಂಗೈತಿ?”

ಕಾಸೀಮಬೀ ಕೈಯಲ್ಲಿದ್ದ ಹೆಪ್ಪಿನ ಬಟ್ಟಲು ಕಟ್ಟೆ ಮೇಲೆ ಇಟ್ಟಳು. “ಬಸಾಪುರದವರಿಗೆ ನಮ್ಮ ಪದ ಹೆಂಗ ಗೊತ್ತು?”

ಆಗ ತಲೆಗೆ ಹೋಯಿತು. ಅಷ್ಟರಲ್ಲಿ ದಾದೇಸಾಬರು ಹೊರಗೆ ಬಂದಿದ್ದರು. ಎಲ್ಲ ಹೇಳಿದೆ. ಬಸ್ಸು, ಪಾರಮ್ಮ, “ಇನ್ನೊಮ್ಮೆ ಇನ್ನೊಮ್ಮೆ” ಅಂದದ್ದು.

“ಕುಣಿ ಮುಂದ ಹಾಡೂತನಕ ಹೊರಗಿನ ಬಾಯಿ ತಾಕಬಾರದವ್ವ” ಅಂದಳು ಕಾಸೀಮಬೀ. “ತಾಕಿದ್ರ ಎಂಜಲು. ಎಂಜಲ ಎಡೀನ ದೇವರ ಮುಂದ ಇಡ್ತಾರೇನು? ಸಣ್ಣ ಕೂಸಿಗೂ ಗೊತ್ತೈತಿ ಇದು. ಎಲ್ಲಾರ ಬಾಯಿಗೂ ಟಿಕೀಟ ಕೊಡ್ತಿ, ನಿನ್ನ ಬಾಯಿಗೊಂದು ಇಲ್ಲೇನು?”

ಸಣ್ಣ ಕೂಸಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ಗಂಗಾವತಿ ಕಾಲುವೆ ಕಡೆಯವಳು, ಈ ಓಣಿಗೆ ಬಂದು ಆರು ತಿಂಗಳು. ಮನೆಯಲ್ಲಿನ ಕೂಸು ಅಂತ ಅವರು ಹೇಳಿರಲಿಲ್ಲವೇ? ಹೇಳಿದ್ದರು, ಬಸ್ಸಿನಲ್ಲಿ ಹಾಡಿ ಮೂರು ದಿನಕ್ಕೆ; ಆಗಲಾದರೂ ತಡೆಯಬಹುದಿತ್ತು. ನಾನು ಕೇಳಿಸಿಕೊಂಡದ್ದು ಜುಲೈ ಅಂತ ಮಾತ್ರ.

ದಾದೇಸಾಬರು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. “ಆತು ಬಿಡು” ಅಂದು ಒಳಗೆ ಹೋದರು.

25 ಜೂನ್, ಬುಧವಾರ

ತಾಲೀಮು ಇಲ್ಲ. ಅಂದರೆ ಇಲ್ಲಿಲ್ಲ. ಮೇಳದ ಶಾಹೀದನ ಗೋಡೌನಿಗೆ ಹೋಗಿದೆ, ಊರ ಆ ತುದಿ. ಬೇಕಾದ ನಿದ್ದೆ ಈಗ ಧಾರಾಳ. ಬರುತ್ತಿಲ್ಲ.

ನಸುಕಿನಲ್ಲಿ ಗೋಡೆಯಾಚೆ ಸೂಜಿಯ ಸಪ್ಪಳವೂ ಇಲ್ಲ. ಅಥವಾ ಇದೆ, ಹಾಡಿಲ್ಲ. ಕಾಸೀಮಬೀ ನೀರು ತರುವಾಗ ಸಿಕ್ಕಳು, ಕೊಡ ಬದಲಿಸಿ ಆ ಸೊಂಟಕ್ಕೆ ಇಟ್ಟುಕೊಂಡು ಹೋದಳು. ಮುಖ ತಪ್ಪಿಸಲಿಕ್ಕೆ.

ನನ್ನ ತಲೆಯಲ್ಲಿ ಮಾತ್ರ ಅದೇ ಪದ. ಎಷ್ಟು ಬೈದರೂ ಹೋಗುತ್ತಿಲ್ಲ. ಬೇರೆ ಹಾಡು ಹಾಕಿ ನೋಡಿದೆ, ಜೋರಾಗಿ. ಅದರ ಕೆಳಗೂ ಇದೇ ನಡೆದಿರುತ್ತದೆ. ಬೇರೆ ಹಾಡುಗಳನ್ನೆಲ್ಲ ಅಗಿದು ಉಗುಳಿದವಳಿಗೆ ಉಗುಳಬೇಕಾದದ್ದು ಮಾತ್ರ ಬಾಯಿ ಬಿಡುತ್ತಿಲ್ಲ. ಥೂ.

28 ಜೂನ್, ಶನಿವಾರ

ನಿನ್ನೆಯಿಂದ ಮೊಹರಮ್ ಹಿಡಿದಿದೆ. ದೇವರು ಕೂಡಿಸಿದ್ದಾರೆ.

ಪಾರಮ್ಮನಿಗೆ ಕೈ ಮುಗಿದೆ, ಹಾಡಬೇಡ ಅಂತ. “ಅದು ದಾದೇಸಾಬರ ಪದ, ನಾ ಕೊಡಬಾರದಿತ್ತು, ವಾಪಸ್ ಕೊಡ್ರಿ.”

“ಉಂಡ ರೊಟ್ಟಿ ವಾಪಸ್ ಕೇಳ್ತಾರೇನಬೇ? ಬಾಯಿಗಿ ಕುಕ್ಕಿ ಕಟಗೊಂಡು ದುಡಿಯಾಕ ನಾವೇನು ಕಣದ ಎತ್ತೇನು?”

ಇನ್ನೊಂದು ಹೇಳಿದಳು. ಬಸಾಪುರದ ಗಂಡು ಹುಡುಗರೂ ಅದನ್ನೇ ಹಿಡಿದಿದ್ದಾರಂತೆ. ಅವರ ಊರ ಅಲಾಯಿಗೆ ಈ ಸಲ ಅದೇ. “ನಮ್ಮವ್ವನ ಪದ ಅಂತ ಹಾಡ್ತಾರ” ಅಂದಳು, ಹೆಮ್ಮೆಯಿಂದ.

ಆಯಿತು. ಇನ್ನು ದಾದೇಸಾಬರು ಅದನ್ನು ಹಾಡಿದರೂ, ಬಸಾಪುರದ್ದು ಕದ್ದರು ಅನ್ನುತ್ತಾರೆ. ಹೆಸರಿನ ನುಡಿ ಬೀಳುವ ಮೊದಲೇ ಪದ ಹೋಯಿತು. ಹೋದದ್ದು ನನ್ನ ಬಸ್ಸಿನಲ್ಲಿ, ಝೀರೋ ಟಿಕೆಟ್‌ನಲ್ಲಿ.

ಕೊಟ್ರೇಶ, “ಹೋಗ್ಲಿ ಬಿಡಕ್ಕ, ಒಂದ ಪದಕ್ಕ ಏನ್ ಅಷ್ಟ” ಅಂದ. ಅವನೊಂದಿಗೆ ಕುಷ್ಟಗಿತನಕ ಮಾತಾಡಲಿಲ್ಲ.

6 ಜುಲೈ, ಭಾನುವಾರ

ನಿನ್ನೆ ಕತ್ತಲ ರಾತ್ರಿ. ಹೋಗಬಾರದು ಅಂದುಕೊಂಡು ಹೋದೆ. ಸಕ್ಕರೆ ಪೊಟ್ಟಣ, ಊದಿನಕಡ್ಡಿ ಹಿಡಿದು ಹೆಂಗಸರ ಸಾಲಿನಲ್ಲಿ ಹಿಂದೆ ನಿಂತೆ. ಕುಣಿಯ ಬೆಂಕಿ ಆಳೆತ್ತರ. ಮೇಳ ಬಂತು. ಬಿಳಿ ರುಮಾಲು, ಗೆಜ್ಜೆ. ಜನ ಎಲ್ಲ ದಾದೇಸಾಬರ ಬಾಯಿ ನೋಡುತ್ತಿದ್ದರು. ಪ್ರತಿ ವರ್ಷ ಹೊಸದು, ಒಮ್ಮೆಯೂ ತಪ್ಪಿಲ್ಲವಂತೆ.

ಹಳೆಯದು ಹಾಡಿದರು. ಎಲ್ಲರಿಗೂ ಬಾಯಿಪಾಠವಿದ್ದದ್ದು. ಹುಡುಗರು ಕುಣಿದರು, ಏನೂ ಕಡಿಮೆ ಮಾಡಲಿಲ್ಲ. ಆದರೆ ಕಡೆಯ ನುಡಿ ಬರುವಾಗ ಮುದುಕ ಕಣ್ಣು ಮುಚ್ಚಿಕೊಂಡಿದ್ದರು.

ನನ್ನ ಹಿಂದೆ ಒಬ್ಬ, “ಈ ಸಲ ಹೊಸಾದು ಹುಟ್ಟಿಲ್ಲ. ಮುದಕನ ಬಾವಿ ಬತ್ತೇತಿ” ಅಂದ. ಇನ್ನೊಬ್ಬ, “ವಯಸ್ಸಾತು ಬಿಡೋ” ಅಂದ.

ಬತ್ತಿಲ್ಲ, ಬಾವಿಗೆ ನಾನು ಕಲ್ಲು ಹಾಕಿದೆ ಅಂತ ತಿರುಗಿ ಹೇಳಬೇಕಿತ್ತು. ದಿನಾ ಗಂಡಸರ ಮೇಲೆ ಕೂಗಿ ಕೂಗಿ ಟಿಕೆಟ್ ಹರಿಯುವವಳು ನಾನು. ನಿನ್ನೆ ಬೆಂಕಿಯ ಕಡೆಯೇ ಮುಖ ಮಾಡಿ ನಿಂತುಬಿಟ್ಟೆ. ಸಕ್ಕರೆ ಪೊಟ್ಟಣ ಕೈಬೆವರಿಗೆ ನೆನೆದು ಅಂಟಾಯಿತು. ನನ್ನ ಮೇಲೆ ನನಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

15 ಜುಲೈ, ಮಂಗಳವಾರ

ಪಾರಮ್ಮನಿಗೆ ಹೇಳಿದೆ, ಕತ್ತಲ ರಾತ್ರಿ ಏನಾಯಿತೆಂದು. ಬಾವಿ ಬತ್ತಿತು ಅಂದದ್ದನ್ನೂ. ಜಗಳಕ್ಕೇ ತಯಾರಾಗಿ ಹೇಳಿದ್ದು.

ಪಾರಮ್ಮ ನೆಟ್ ಹೌಸ್ ಬರುವತನಕ ಹಾಡಲಿಲ್ಲ. ಇಳಿಯುವಾಗ, “ಅಂವ ಗಾದಿ ಹೊಲಿತಾನಂದೆಲ್ಲ, ಹಳೀ ಅರಳಿ ತಗೋತಾನೇನು?” ಅಂತ ಕೇಳಿದಳು.

ಇಷ್ಟೆಲ್ಲ ಹೇಳಿದರೆ ಇವಳಿಗೆ ಗಾದಿಯ ಚಿಂತೆ.

20 ಜುಲೈ, ಭಾನುವಾರ

ಪಾರಮ್ಮ ಬಂದಿದ್ದಾಳೆ! ಪಕ್ಕದ ಮನೆಗೆ. ತಲೆ ಮೇಲೆ ಅರಳೆ ಗಂಟು. ಮಗಳ ಬಾಣಂತನಕ್ಕೆ ಗಾದಿ ಬೇಕಂತೆ. ರುದ್ರೇಶ ಉಣ್ಣುತ್ತಿದ್ದ. ತಟ್ಟೆ ಮುಂದೆ ಅವನನ್ನು ಬಿಟ್ಟು ಗೋಡೆಗೆ ಹೋಗಿ ಕೂತೆ.

ಮೊದಲು ಅಳತೆ, ದರ, ಚೌಕಾಸಿ. ಆಮೇಲೆ ಪಾರಮ್ಮನ ದನಿ, “ಕಾಕಾ, ನಮ್ಮಿಂದ ಒಂದ ತಪ್ಪಾಗೇತಿ. ಗೊತ್ತಿಲ್ದ ಆತು. ನಾವು ಕೂಡ್ಸಿದ್ದು ಒಮ್ಮೆ ಕೇಳಿಬಿಡ್ರಿ, ಆಮ್ಯಾಲ ಏನಾರ ಅನ್ರಿ.”

ಹಾಡಿದಳು. ಒಬ್ಬಳೇ, ಗುಂಪಿಲ್ಲದೆ. ನೆರಳಿನ ಮನೆ, ಸುಡುವ ನೆತ್ತಿ, ನೂರು ಹೂ. ದನಿ ಎರಡು ಕಡೆ ಒಡೆಯಿತು.

ಆಮೇಲೆ ದಾದೇಸಾಬರು, “ನೀರು ಕುಡಿ” ಅಂದರು. ಕಾಸೀಮಬೀಗೆ, “ಕೊಡಾನ ತಾ, ತಂಬಿಗಿ ಸಾಲಂಗಿಲ್ಲ ಇವರಿಗೆ” ಅಂದರು.

ರುದ್ರೇಶ ಹಿಂದೆ ಬಂದು ನಿಂತಿದ್ದ. “ಯಾಕ ಅಳಾಕತ್ತಿ?” ಅಂದ. ಅಳುತ್ತಿರಲಿಲ್ಲ.

23 ಜುಲೈ, ಬುಧವಾರ. ನಸುಕು

“ಕಂಡಕ್ಟರಮ್ಮ.” ಗೋಡೆಯಾಚೆಯಿಂದ. ತಿಂಗಳ ಮೇಲೆ ಮೊದಲ ಮಾತು.

ಓಡಿದೆ, ಅರ್ಧ ಹೆಣೆದ ಜಡೆಯಲ್ಲಿ.

“ಒಂದ ಲಗೇಜ ಐತಿ, ಬಸಾಪುರಕ್ಕ ಒಯ್ತಿಯೇನು?” ಅಂದರು. ಕೈಯಲ್ಲಿ ಏನೂ ಇರಲಿಲ್ಲ. “ಎಂಜಲಾತಂತ ಚೆಲ್ಲಿದ್ದೆ. ಅವರು ಹಸದಿದ್ರು, ಉಂಡಾರ. ನೀರಿಲ್ದವರ ಬಾಯಾಗ ಹೋತು, ಅದರ ಜಾಗಾ ಅದ. ಆದ್ರ ಹೆಸರಿಲ್ದ ಪದ ದಿಕ್ಕಿಲ್ದ ಕೂಸಿದ್ಹಂಗ. ಕಡೀ ನುಡಿ ಕೊಡ್ತೇನಿ, ತಪ್ಪದ ಮುಟ್ಟಿಸು.”

ಹಾಡಿದರು. ನಾನು ಎರಡು ತಿಂಗಳಿಂದ ಸಾಯುತ್ತಿದ್ದ ಆ ಕಡೆಯ ನುಡಿ, ಹಲ್ಲುಜ್ಜದ ಬಾಯಲ್ಲಿ, ಸಗಣಿ ಸಾರಿಸಿದ ಅಂಗಳದಲ್ಲಿ.

ಊರೊಳಗ ಛಲೊ ಊರು ಬಸಾಪುರ ಅಂತಾರ
ಹೆಣ್ಣಾಳು ಕಟ್ಟ್ಯಾರ ಪದವೋ

“ಬಸಾಪುರ ಇತ್ತೇನ್ರಿ ಮೊದಲ?” ಅಂದೆ.

“ಮೊದಲ ಏನಿತ್ತೋ. ಈಗ ಇದು” ಅಂದರು. ಹಿಂದೆ ಕಾಸೀಮಬೀ ಮುಖ ಆ ಕಡೆ ತಿರುಗಿಸಿಕೊಂಡು ಅಂಗಳ ಗುಡಿಸುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

24 ಜುಲೈ, ಗುರುವಾರ. ಕುಷ್ಟಗಿ ಸ್ಟ್ಯಾಂಡ್

ನಿನ್ನೆ ಹೇಳಲಿಲ್ಲ. ಬಸ್ಸಿನಲ್ಲಿ ರಶ್ ಅಂತ ನೆಪ. ನಿಜ ಅಂದರೆ ಸಂಕಟ. ಊರಿನಲ್ಲಿ ಬಾವಿ ಬತ್ತಿತು ಅನ್ನಿಸಿಕೊಂಡವರು, ಇದ್ದ ಒಂದು ಹೊಸ ಪದಕ್ಕೂ ತಮ್ಮ ಹೆಸರು ತೆಗೆದು ಕೊಟ್ಟುಬಿಟ್ಟರಲ್ಲ. ದೊಡ್ಡವರು ದೊಡ್ಡತನ ಮಾಡುತ್ತಾರೆ. ನಾವು ಅದನ್ನು ಬಾಯಿ ಮುಚ್ಚಿಕೊಂಡು ತಿನ್ನಬೇಕೋ?

ಇವತ್ತು ಪಾರಮ್ಮ, “ಕಾಕಾ ಏನೋ ಕೊಟ್ಟು ಕಳಸ್ತೇನಿ ಅಂದಿದ್ದ” ಅಂದಳು. ಕಂಬ ಹಿಡಿದು ಹಾಡಿದೆ. ಮೊದಲಿಂದ, ಎಲ್ಲ ನುಡಿ. ಹೆಸರಿನ ಜಾಗ ಬಂತು.

ಊರೊಳಗ ಛಲೊ ಊರು ಯಲಬುರ್ಗಿ ಅಂತಾರ
ದಾದೇನು ಕಟ್ಟ್ಯಾನ ಪದವೋ

ಬದಲಿಸಿದೆ. ಬೇಕಂತಲೇ. ಮೊದಲ ಸಲ ಗೊತ್ತಿಲ್ಲದೆ ಬಾಯಿಬಿಟ್ಟೆ, ಈ ಸಲ ಗೊತ್ತಿದ್ದು. ಅವರು ಕಟ್ಟಿದಾಗ ಇದ್ದದ್ದು ಇದೇ ಇರಬೇಕು, ಅಥವಾ ಇದರಂಥದ್ದು. ಇಲ್ಲದಿದ್ದರೂ ಇರಬೇಕಿತ್ತು.

ಪಾರಮ್ಮ ಒಮ್ಮೆ ನನ್ನ ಮುಖ ನೋಡಿದಳು. “ಹಿಂಗ ಕೊಟ್ಟಾನೇನು?”

“ಹಿಂಗ ಕೊಟ್ಟಾರ.”

ಹೆಂಗಸರೆಲ್ಲ ಎತ್ತಿಕೊಂಡರು. ಕೊಟ್ರೇಶ ಗೇರ್ ಬದಲಿಸುತ್ತ ತಾನೂ ‘ಪದವೋ’ ಅಂದ. ಅವನಿಗೆ ಏನು ಗೊತ್ತು.

11 ಆಗಸ್ಟ್, ಸೋಮವಾರ

ದಿನಾ ಹಾಡುತ್ತಿದ್ದಾರೆ. ಬಸಾಪುರದ ಹುಡುಗರಿಗೂ ಹೋಗಿದೆಯಂತೆ, ಹೆಸರಿನ ಸಮೇತ. ನನಗೆ ಮಾತ್ರ ಇನ್ನೂ ಹಳತಾಗಿಲ್ಲ. ಇದೇ ಮೊದಲು.

ಇವತ್ತು ಫಸ್ಟ್ ಟ್ರಿಪ್‌ಗೆ ದಾದೇಸಾಬರು ಹತ್ತಿದರು. ಕುಷ್ಟಗಿಗೆ, ಕಣ್ಣು ತೋರಿಸಲಿಕ್ಕೆ. ಮುಂದಿನ ಸೀಟಿನಲ್ಲಿ ಕೂಡಿಸಿದೆ, ಕೊಟ್ರೇಶನ ಹಿಂದೆ, ಇಂಜಿನ್ ಸಪ್ಪಳದಲ್ಲಿ ಏನೂ ಕೇಳದಿರಲಿ ಅಂತ. “ಕ್ರಾಸ್‌ನಾಗ ನಿಲ್ಲಸಬ್ಯಾಡ, ಲೇಟಾಗೇತಿ” ಅಂತ ಕೊಟ್ರೇಶನಿಗೆ ಹೇಳಿನೋಡಿದೆ. ಹುಚ್ಚಿಯನ್ನು ನೋಡಿದ ಹಾಗೆ ನೋಡಿದ. ನಿಲ್ಲಿಸಿದ.

ಹತ್ತಿದರು. ಪಾರಮ್ಮ ಮುದುಕನನ್ನು ನೋಡಲಿಲ್ಲ, ಗುಂಪು ಹಿಂದಕ್ಕೆ ಹೋಯಿತು, ಕೂತ ಕೂಡಲೇ ಎತ್ತಿದರು. ಹೊಳಿ ತುಂಬಿ. ಬಾಯಾರಿ ಬಂದ ದೊರಿ. ದಾದೇಸಾಬರು ಮೊಣಕಾಲ ಮೇಲೆ ಬೆರಳಾಡಿಸುತ್ತಿದ್ದರು. ನೂರು ಹೂ ಬಂತು, ತಲೆ ಆಡಿಸಿದರು. ಕಡೆಯ ನುಡಿ ಬರುವುದರೊಳಗೆ ನೆಟ್ ಹೌಸ್ ಬಂದುಬಿಡಲಿ ಅಂತ ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ.

ಬಂತು. ಬಸ್ ನಿಂತಿತು. ಹೆಂಗಸರು ಹಾಡುತ್ತಲೇ ಇಳಿದರು, ಹಾಡುತ್ತಲೇ ಹೊಲದ ದಾರಿ ಹಿಡಿದರು. ಕಿಟಕಿ ತೆರೆದಿತ್ತು. ‘ಯಲಬುರ್ಗಿ ಅಂತಾರ’ ಅಂದರು. ಮುದುಕನ ಬೆರಳು ನಿಂತಿತು. ‘ದಾದೇನು ಕಟ್ಟ್ಯಾನ’ ಅಂದರು.

ನನ್ನ ಕಡೆ ತಿರುಗಿದರು. “ನಾ ಬ್ಯಾರೆ ಹೆಸರ ಕೊಟ್ಟಿದ್ನೆಲ್ಲ?”

“ಹಾದ್ಯಾಗ ಬದಲಾತ್ರಿ ಕಾಕಾ.”

“ಲಗೇಜ ಬದಲಾದ್ರ ಕಂಡಕ್ಟರಂದ ಜವಾಬ್ದಾರಿ” ಅಂದರು. ನಗಲಿಲ್ಲ. ಕಣ್ಣು ಒರೆಸಿಕೊಂಡರು, ಪೊರೆ ಬಂದ ಕಣ್ಣಿಗೆ ನೀರು ಬರುವುದು ಇದ್ದದ್ದೇ.

ಹೆಂಗಸರು ದೂರ ದೂರ ಹೋಗುತ್ತಿದ್ದರು, ಇನ್ನೊಮ್ಮೆ ಅದೇ ನುಡಿ ಎತ್ತಿಕೊಂಡು. ಹಿಂದಿನವರು “ಹೊಡೀರಿ ಸೀಟಿ, ಆಫೀಸಿಗೆ ಹೋಗಬೇಕು” ಅಂತ ಕೂಗಲು ಶುರು ಮಾಡಿದರು. ಕೊಟ್ರೇಶ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಸೀಟಿ ಬಾಯಲ್ಲಿಟ್ಟುಕೊಂಡೆ.

“ತಡಿ” ಅಂದರು ದಾದೇಸಾಬರು. “ಮುಗೀಲಿ.”

ಸೀಟಿ ಬಾಯಲ್ಲೇ ಇತ್ತು. ಹಿಂದಿನವರು ತಗಡು ಬಡಿಯುತ್ತಿದ್ದರು. ಮುದುಕ ಕಿಟಕಿಗೆ ಕಿವಿ ಕೊಟ್ಟು, ನಾನು ಉಸಿರು ಹಿಡಿದು —